ಬೆನ್ನು ಬದಲಿಸಿದ ವರಹ

ವರಹದಂಥ ಹಳೆಯ ಚಿನ್ನದ ನಾಣ್ಯ ನೋಡುವುದಕ್ಕೆ ಮಳೆಗಾಲದ ಬೆಳಗೇ ಆಗಬೇಕು. ಬಿರುಬಿಸಿಲಿನಲ್ಲಿ ಚಿನ್ನ ತಳತಳಿಸಿ ತನ್ನ ಚಿತ್ರವನ್ನು ತಾನೇ ನುಂಗಿಬಿಡುತ್ತದೆ. ವಿನೋಬನಗರದ ನಮ್ಮ ಮನೆಯ ಮೂಡಲ ಕಿಟಕಿಯಲ್ಲಿ, ಮೋಡ ಸೋಸಿದ ಬೂದುಬೆಳಕು ಓರೆಯಾಗಿ ಬೀಳುವ ಹೊತ್ತಿಗೆ, ಕಪ್ಪು ಮಖಮಲ್ಲಿನ ಮೇಲಿಟ್ಟ ಬಿಲ್ಲೆಯಿಂದ ಗೆರೆಗಳು ಒಂದೊಂದಾಗಿ ಮೇಲೇಳುತ್ತವೆ. ಮೊದಲು ಶಿವನ ಮಂಡಿ. ಆಮೇಲೆ ಅವನ ಮಗ್ಗುಲಿಗೆ ಒತ್ತಿ ಕುಳಿತ ಪಾರ್ವತಿ; ಅವಳ ತುರುಬು ಬರೀ ಒಂದು ಚುಕ್ಕಿ. ಕೊನೆಗೆ, ಬಹಳ ಹೊತ್ತಿನ ಮೇಲೆ, ತ್ರಿಶೂಲ.

ಅಂಗಿಯ ಗುಂಡಿಯಷ್ಟಗಲ, ಸುಮಾರು 3.4 ಗ್ರಾಂ ತೂಕ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ಒಂದರಲ್ಲಿ ಉಳಿದದ್ದು ಇನ್ನೊಂದರಲ್ಲಿ ಅಂಚಿನಾಚೆ ಹೋಗಿರುತ್ತದೆ. ಶಿವನ ಕೈಯ ಜಿಂಕೆಯನ್ನು ಇಡಿಯಾಗಿ ಕಾಣಲು ನಾನು ಎರಡನೆಯ ವರಹ ಸಿಗುವ ತನಕ ಕಾದೆ.

ಮಗುಚಿದರೆ ಬೇರೆಯೇ ನೆಲ. ಇದೇ ಶಿವಪಾರ್ವತಿಯರ ಮುಖವಿರುವ, ಇಕ್ಕೇರಿ ಅರಸರ ವರಹದ ಬೆನ್ನಿನಲ್ಲಿ ನಾಗರಿಯ 'ಶ್ರೀ ಸದಾಶಿವ' ಇರುತ್ತದೆ. ನನ್ನ ಈ ವರಹದಲ್ಲಿ ರಾಗಿ ಚೆಲ್ಲಿದಂಥ ಸಣ್ಣ ಚುಕ್ಕಿಗಳ ನಡುವೆ ಒಂದೇ ಒಂದು ಪಾರಸಿ ಅಕ್ಷರ, 'ಹೆ'. ಹೈದರ್ ಅಲಿಯ ಹೆಸರಿನ ಮೊದಲಕ್ಷರ. ತಲೆಯಲ್ಲಿ ಕೊಕ್ಕಿನಂತೆ ಚೂಪು, ಕೆಳಗೆ ಕುಡುಗೋಲಿನ ಬಾಗು. ನನ್ನಲ್ಲಿರುವ ಎರಡರಲ್ಲಿ ಒಂದರ ಬಾಗು ತೆಳು, ಇನ್ನೊಂದರದು ಉಬ್ಬಿದೆ. ಕೆತ್ತಿದ ಕೈ ಬೇರೆ ಇರಬೇಕು.

1763ರಲ್ಲಿ ಇಕ್ಕೇರಿ ಅರಸರ ರಾಜಧಾನಿ ಬಿದನೂರು ಹೈದರನ ವಶವಾಯಿತು, ರಾಣಿ ವೀರಮ್ಮಾಜಿ ಸೆರೆಯಾದಳು, ಊರು ಹೈದರನಗರವಾಯಿತು. ಹೊಸನಗರ ತಾಲೂಕಿನ ಇಂದಿನ ನಗರ ಅದೇ. ರಾಜ್ಯ ಕೈಬದಲಾದ ಗಡಿಬಿಡಿಯಲ್ಲೂ ಸಂತೆಯ ಚಿನಿವಾರ ಗುರುತಿಸುವ ವರಹದ ಮುಖಕ್ಕೆ ಹೊಸ ದೊರೆ ಕೈ ಹಚ್ಚಲಿಲ್ಲ. ಜಾಣತನ ಅಂದರೆ ಅದು.

ಒಮ್ಮೆ ಹೈದರನ ಮಗ ಟಿಪ್ಪುವಿನ ಆನೆಕಾಸನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ತಾಮ್ರದ ಮೇಲಿನ ಪಾಚಿಹಸಿರು ಹೊದಿಕೆಯೆಲ್ಲ ಹೋಗಿ ಆನೆ ಬೆತ್ತಲಾಯಿತು. ಅಂದಿನಿಂದ ಎಂಥ ನಾಣ್ಯವನ್ನೂ ಅಂಚು ಹಿಡಿದೇ ಎತ್ತುತ್ತೇನೆ, ಚಿನ್ನವನ್ನೂ.

1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ತನ್ನ ವರಹದಿಂದ ಶಿವಪಾರ್ವತಿಯರನ್ನು ತೆಗೆದ, ಅಪ್ಪನ 'ಹೆ'ಯನ್ನು ಉಳಿಸಿಕೊಂಡ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವಪಾರ್ವತಿಯರು ಮತ್ತೆ ಬಂದು ಕುಳಿತರು. 'ಹೆ' ಇದ್ದ ಬೆನ್ನಿಗೆ ನಾಗರಿಯ 'ಶ್ರೀ ಕೃಷ್ಣರಾಜ' ಬಂತು.