ಎತ್ತಿನ ಕೋಡಿನ ಬಣ್ಣ ಕಾರಿನ ಮೈಗೆ

ಜತ್ತ: ಕಾರಹುಣ್ಣಿಮೆಯ ಮರುದಿನ ಈ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಕಾಣುವ ನೋಟವೇ ಬೇರೆ. ಖಿಲಾರಿ ಎತ್ತುಗಳ ಕೋಡು ಕೆಂಪು, ಹಸಿರು, ನೀಲಿಯಾಗಿ ಮಿಂಚುತ್ತಿರುತ್ತವೆ. ಪಡಸಾಲೆ ಮೂಲೆಯಲ್ಲಿ ಅರ್ಧ ಉಳಿದ ಆಯಿಲ್ ಪೇಂಟ್ ಡಬ್ಬಿ ಇರುತ್ತದೆ. ಮರಾಠಿ ಮಂದಿ ಇದನ್ನು ‘ಕರ್ನಾಟಕಿ ಬೇಂದೂರ’ ಅನ್ನುತ್ತಾರೆ. ಅವರ ಬೇಂದೂರ ಬರುವುದು ಆಷಾಢದಲ್ಲಿ. ಹಿಂದೆ ಕೋಡಿಗೆ ಹುರಮಂಜು ಬಳಿಯುತ್ತಿದ್ದರು, ಈಗ ಡಬ್ಬಿಯ ಬಣ್ಣ.

ಅಂಗಳದಲ್ಲಿ ನಿಂತ ಹಳೆ ಮಾರುತಿ 800 ಇಲ್ಲವೇ ಮಹೀಂದ್ರಾ ಜೀಪಿನ ಮೇಲೆ ಕಣ್ಣು ಬೀಳುವುದೂ ಆಗಲೇ. ‘ಎತ್ತಿಗೆ ಹಚ್ಚೇವಿ, ಗಾಡಿಗ್ಯಾಕ ಹಚ್ಚಬಾರ್ದು?’

ಹಚ್ಚಬಹುದು. ಆದರೆ ಆ ದಿನ ಬೇಡ, ಆ ಅವಸರದಲ್ಲೂ ಬೇಡ.

ಸಂಖ, ಉಮದಿ, ಮಾಡಗ್ಯಾಳ, ಬಿಳೂರ ಕಡೆಯ ಮನೆಗಳಿಗೆ ಹಳೆ ಗಾಡಿ ಶೋಕಿಯಲ್ಲ. ದವಾಖಾನೆಗೆ ಮಿರಜ ಇಲ್ಲವೇ ವಿಜಯಪುರ, ಬೀಗರ ಮನೆಗೆ ಅಥಣಿ, ಇಂಡಿ, ಸಂತೆಗೆ ಚಡಚಣ. ಎಲ್ಲಕ್ಕೂ ಅದೇ ಗಾಡಿ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿತು. ಉಳಿದವೆಲ್ಲ 15 ವರ್ಷದ ಗಡಿಯಲ್ಲಿರುವ ಇಲ್ಲವೇ ಅದನ್ನು ದಾಟಿದ ಗಾಡಿಗಳೇ. ನೋಂದಣಿ ನವೀಕರಣಕ್ಕೆ ಅವು ಆರ್‌ಟಿಒ ಮುಂದೆ ನಿಲ್ಲಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು; 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ಇಷ್ಟು ಕೊಟ್ಟ ಮೇಲೆ ಗ್ಯಾರೇಜಿನಲ್ಲಿ ಪೂರಾ ಬಣ್ಣ ಹೊಡೆಸುವ ತಾಕತ್ತು ಒಣಬೇಸಾಯದ ಮನೆಗೆ ಎಲ್ಲಿಯದು? ಬಣ್ಣ ಹೋದ ಕಡೆ ಜಂಗು ಹಿಡಿಯುವುದು ಮಾತ್ರ ನಿಲ್ಲುವುದಿಲ್ಲ. ಮಡ್‌ಗಾರ್ಡಿನ ಅಂಚಿನಲ್ಲಿ ಶುರುವಾದದ್ದು ಎರಡು ಮಳೆಗಾಲದಲ್ಲಿ ಪತ್ರಾ ತೂತು ಮಾಡುತ್ತದೆ.

ಕಿಟಕಿ-ಬಾಗಿಲಿಗೆ ಹಚ್ಚುವ ಸಿಂಥೆಟಿಕ್ ಎನಾಮೆಲ್ಲೇ ನಮ್ಮ ಆಯಿಲ್ ಪೇಂಟ್. ಗ್ಯಾರೇಜಿನವರು ‘ಡ್ಯೂಕೋ’ ಅನ್ನುವ ಬಣ್ಣದ ಜಾತಿ ಬೇರೆ. ಮೋಟಾರು ಹುಟ್ಟಿದ ಕಾಲಕ್ಕೆ ಕಾರುಗಳಿಗೂ ಸಾರೋಟಿನಂತೆ ಬ್ರಷ್ಷಿನಿಂದ ಎಣ್ಣೆ ಬಣ್ಣ, ವಾರ್ನಿಷ್ ಬಳಿಯುತ್ತಿದ್ದರು. ಒಣಗಲು ವಾರಗಟ್ಟಲೆ ಬೇಕಿತ್ತು. 1923ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಡ್ಯೂಕೋ ತಂದು ಆ ಕಾಯುವಿಕೆ ತಪ್ಪಿಸಿತು. ಡ್ಯೂಕೋ ಒಣಗುವುದು ಥಿನ್ನರ್ ಹಾರಿಹೋಗಿ. ಆಯಿಲ್ ಪೇಂಟ್ ಹಾಗಲ್ಲ. ಗಾಳಿಯ ಆಮ್ಲಜನಕ ಕುಡಿದು ಗಟ್ಟಿಯಾಗುತ್ತದೆ. ತೆರೆದಿಟ್ಟ ಡಬ್ಬಿಯಲ್ಲಿ ಬಣ್ಣದ ಮೇಲೆ ಕೆನೆ ಕಟ್ಟುವುದು ಇದೇ ಕಾರಣಕ್ಕೆ.

ಈ ಒಂದು ಗುಣ ತಿಳಿದರೆ ಅರ್ಧ ಕೆಲಸ ತಿಳಿದಂತೆ. ದಪ್ಪಗೆ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಸುಕ್ಕುಗಟ್ಟುತ್ತದೆ. ಸುಡುಬಿಸಿಲಲ್ಲಿ ಹಚ್ಚಿದರೂ ಅದೇ ಗತಿ. ಕಾರಹುಣ್ಣಿಮೆ ಹೊತ್ತಿಗೆ ಬೀಸುವ ಗಾಳಿಯ ಜೋರು ಎಷ್ಟೆಂಬುದಕ್ಕೆ ತಾಲೂಕಿನ ಗುಡ್ಡಗಳ ಮೇಲೆ ತಿರುಗುವ ವಿದ್ಯುತ್ ಪಂಕಾಗಳೇ ಸಾಕ್ಷಿ. ಆ ಧೂಳಿನಲ್ಲಿ ಹಸಿ ಬಣ್ಣದ ಕಾರು ನಿಲ್ಲಿಸಿದರೆ ಸಂಜೆಗೆ ಅದು ಪಾಲಿಷ್ ಪೇಪರ್ ಆಗಿರುತ್ತದೆ! ಮಳೆ, ಗಾಳಿ ಎರಡೂ ಇಳಿದ ಕಾರ್ತಿಕದ ಮೇಲೆ, ಗುಡ್ಡಾಪುರ ದಾನಮ್ಮನ ಜಾತ್ರೆಯ ಆಚೀಚೆ, ಮುಂಜಾನೆಯ ಇಬ್ಬನಿ ಆರಿದ ಬಳಿಕ, ಶೆಡ್ಡಿನ ನೆರಳಲ್ಲಿ ಕೈ ಹಚ್ಚುವುದು ಒಳ್ಳೆಯದು.

ಬಣ್ಣಕ್ಕಿಂತ ತಿಕ್ಕುವ ಕೆಲಸವೇ ದೊಡ್ಡದು. ಸೋಪಿನ ನೀರಲ್ಲಿ ತೊಳೆದು ಆಯಿಲ್, ಗ್ರೀಸ್ ಪೂರ್ತಿ ತೆಗೆಯಬೇಕು. ಜಂಗು ಹಿಡಿದ ಕಡೆ ತಂತಿ ಬ್ರಷ್ಷಿನಿಂದ ಹೊಳೆಯುವ ಪತ್ರಾ ಕಾಣುವವರೆಗೆ ತಿಕ್ಕಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ಉಳಿದ ಮೈಯನ್ನು 400 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಹೊಳಪು ಹೋಗುವಷ್ಟು ತಿಕ್ಕಿದರೆ ಸಾಕು. ನೀರು ಹಾಕಿಯೇ ತಿಕ್ಕಬೇಕು. ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಮೊದಲು ಎನಾಮೆಲ್ ಕಂಡ ಜೀಪನ್ನು ಒಣ ತಿಕ್ಕಿದರೆ ಆ ಧೂಳು ಅಂಗಳದಲ್ಲಿ ಆಡುವ ಮಕ್ಕಳ ಹೊಟ್ಟೆ ಸೇರಬಹುದು.

ಬಣ್ಣಕ್ಕೆ ಬೆರೆಸಬೇಕಾದದ್ದು ಟರ್ಪಂಟೈನ್. ಡ್ಯೂಕೋದ ಎನ್‌ಸಿ ಥಿನ್ನರ್ ಅಲ್ಲ. ಕೆನೆಹಾಲಿನ ಹದಕ್ಕೆ ತಂದು, ಸ್ಪಂಜಿನ ಸಣ್ಣ ರೋಲರಿನಿಂದ ತೆಳ್ಳಗೆ ಉರುಳಿಸಬೇಕು. ಮೊದಲ ಕೋಟಿನಲ್ಲಿ ಹಳೆ ಬಣ್ಣ ಇಣುಕುತ್ತದೆ, ಗಾಬರಿ ಬೇಡ. ಒಂದು ರಾತ್ರಿ, ಚಳಿ ಹೆಚ್ಚಿದ್ದರೆ ಎರಡು ರಾತ್ರಿ ಬಿಟ್ಟು ಮುಂದಿನ ಕೋಟು. ಎರಡು ಕೋಟಿಗೊಮ್ಮೆ 600 ನಂಬರ್ ಪೇಪರಿನಿಂದ ನೀರಲ್ಲಿ ಹಗುರವಾಗಿ ತಿಕ್ಕಬೇಕು. ನಾಲ್ಕೈದು ಕೋಟಿಗೆ ಸಣ್ಣ ಕಾರಿಗೆ ಎರಡು-ಮೂರು ಲೀಟರ್ ಬಣ್ಣ ಹಿಡಿಯುತ್ತದೆ. ಒಂದು ವಾರ ಗಾಡಿ ಅಂಗಳ ಬಿಟ್ಟು ಕದಲಬಾರದು. ಮನೆಯಲ್ಲಿ ಬಸುರಿ, ರೋಗಿಗಳಿದ್ದರೆ ಬೇರೆ ಗಾಡಿಯ ವ್ಯವಸ್ಥೆ ಮೊದಲೇ ಇರಲಿ.

ಬಣ್ಣ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಕಣಕಿ ಬಣವೆ ಹತ್ತಿರ ಎಸೆಯುವುದು ಅಪಾಯ. ಎಣ್ಣೆ ಗಾಳಿ ಕುಡಿಯುತ್ತ ತಾನೇ ಕಾದು ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಬೇಕು.

ಈ ಬಣ್ಣಕ್ಕೆ ಫ್ಯಾಕ್ಟರಿ ಬಣ್ಣದ ಹೊಳಪಿಲ್ಲ. ಬಿಸಿಲಿಗೆ ಕೆಲ ವರ್ಷದಲ್ಲೇ ಮಂಕಾಗುತ್ತದೆ. ಮುಂದೆ ಕೈಯಲ್ಲಿ ಕಾಸು ಕೂಡಿ ಡ್ಯೂಕೋ ಹೊಡೆಸಲು ಹೋದರೆ, ಅದರ ಥಿನ್ನರ್ ತಾಗಿ ಕೆಳಗಿನ ಆಯಿಲ್ ಪೇಂಟ್ ಉಬ್ಬಿ ಏಳುತ್ತದೆ. ಆಗ ಎಲ್ಲ ಕೆರೆದು ತೆಗೆಯುವ ಕೂಲಿ ಬೇರೆ. ಮಾರುವ ವಿಚಾರವಿರುವ ಗಾಡಿಗೆ ಇದು ಸಲ್ಲದು. ಸವೆಯುವ ತನಕ ಓಡಿಸುವ ಗಾಡಿಗೆ ಅಡ್ಡಿಯಿಲ್ಲ.

ಡಬ್ಬಿಯಲ್ಲಿ ಉಳಿದದ್ದು ಯಾವ ಬಣ್ಣವೋ ಅದನ್ನೇ ಬಳಿದರೆ ಮಾತ್ರ ತೊಂದರೆ ಖಾತ್ರಿ. ಗಾಡಿಯ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. ಬೇರೆ ಬಣ್ಣ ಬೇಕೆಂದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಜೀಪಿನವರಿಗೆ ಇಷ್ಟವಾಗುವ ಮಿಲಿಟರಿ ಹಸಿರಂತೂ ಸೇನೆಗೇ ಮೀಸಲು. ಎಂಎಚ್-10 ನಂಬರಿನ ಗಾಡಿ ದಿನಾ ಗಡಿ ದಾಟಿ ಕೆಎ-28ರ ಸೀಮೆಗೆ ಹೋಗಿಬರುವಾಗ, ಬಿಳಿ ಎಂದು ಬರೆದ ಕಾಗದ ಹಿಡಿದು ನೀಲಿ ಕಾರಿನಲ್ಲಿ ಕೂತವರಿಗೆ ಎರಡೂ ಕಡೆ ಉತ್ತರ ಹೇಳುವ ಪಾಳಿ ಬರುತ್ತದೆ. ಬಿಳಿ ಕಾರಿಗೆ ಬಿಳಿಯೇ ತರಬೇಕು.

ಕೋಡಿನ ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಬಿಗಿದು ಬೋರಲು ಹಾಕಿಟ್ಟರೆ ಕೆನೆ ಅಡಿಭಾಗಕ್ಕೆ ಕಟ್ಟುತ್ತದೆ. ಮುಂದಿನ ಬೇಂದೂರಕ್ಕೆ ಎತ್ತಿಗೇ ಬರುತ್ತದೆ.