ತುಘಲಕನನ್ನು ಮನುಷ್ಯನನ್ನಾಗಿ ಕಂಡವರು: ಗಿರೀಶ ಕಾರ್ನಾಡ ಮತ್ತು ಮುಂಬಯಿ

ಯಾವುದಾದರೂ ಸರಕಾರ ರಾತ್ರೋರಾತ್ರಿ ತಲೆಬುಡವಿಲ್ಲದ ಆದೇಶ ಹೊರಡಿಸಿತು ಅನ್ನಿ. ಮರುದಿನ ಯಾವುದಾದರೊಂದು ಪತ್ರಿಕೆಯಲ್ಲಿ 'ತುಘಲಕ್ ದರ್ಬಾರ್' ಎಂಬ ತಲೆಬರಹ ಬಂದೇ ಬರುತ್ತದೆ. ನಾವೂ ಅದನ್ನು ಓದಿ ನಕ್ಕು ಸುಮ್ಮನಾಗುತ್ತೇವೆ. ಮುಹಮ್ಮದ್ ಬಿನ್ ತುಘಲಕ್ ತೀರಿಹೋದದ್ದು 1351ರಲ್ಲಿ. ಇಷ್ಟು ಶತಮಾನಗಳಾದ ಮೇಲೂ ಅವನು ನಮ್ಮ ಬಾಯಲ್ಲಿ ಉಳಿದಿರುವುದು ಹುಚ್ಚು ದೊರೆಯೆಂದೇ. ಆದರೆ ಅವನನ್ನು ಹುಚ್ಚನೆಂದು ತಳ್ಳಿಹಾಕದೆ, ಅವನ ತಲೆಯೊಳಗೆ ಇಳಿದು ನೋಡಿದ ಒಬ್ಬ ಲೇಖಕ ಕನ್ನಡದಲ್ಲಿದ್ದರು. ನಾಟಕಕಾರ, ನಟ ಗಿರೀಶ ಕಾರ್ನಾಡ. ಅವರ ಬದುಕಿನ ಕಥೆಯನ್ನು, ಅದರಲ್ಲೂ ಮುಂಬಯಿಗೆ ಸಂಬಂಧಿಸಿದ ಭಾಗವನ್ನು, ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು ಎಂಬ ಕಾರಣಕ್ಕೆ ಈ ಬರಹ.

ನಿಮ್ಮಲ್ಲಿ ಚಿಕ್ಕ ವಯಸ್ಸಿನವರಿಗೆ ಕಾರ್ನಾಡರ ಮುಖ ಸಲ್ಮಾನ್ ಖಾನ್ ಸಿನಿಮಾದಿಂದ ಗೊತ್ತಿರಬಹುದು. 2012ರ 'ಏಕ್ ಥಾ ಟೈಗರ್'ನಲ್ಲಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಡಾ. ಶೆಣೈ ಆಗಿ ಬರುವವರು ಅವರೇ. ಸ್ವಲ್ಪ ಹಿರಿಯರಾದರೆ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಸ್ವಾಮಿಯ ಅಪ್ಪನಾಗಿ ನೋಡಿರುತ್ತೀರಿ. ಈ ಮನುಷ್ಯ ಜ್ಞಾನಪೀಠ ಪ್ರಶಸ್ತಿ ಪಡೆದ ನಾಟಕಕಾರ ಅಂದರೆ ಕೆಲವರು ಆಶ್ಚರ್ಯಪಡುತ್ತಾರೆ. ನಾಟಕ ಬರೆಯುವುದು, ಪರದೆಯ ಮೇಲೆ ನಟಿಸುವುದು, ಎರಡರಲ್ಲೂ ಹೆಸರು ಮಾಡಿದವರು ಲೋಕದಲ್ಲೇ ಕಡಿಮೆ. ಅಮೆರಿಕದಲ್ಲಿ ಸ್ಯಾಮ್ ಶೆಪರ್ಡ್ ಅಂಥವರು. 1979ರಲ್ಲಿ ನಾಟಕಕ್ಕೆ ಪುಲಿಟ್ಜರ್ ಪ್ರಶಸ್ತಿ ಪಡೆದ ಅವರು ಹಾಲಿವುಡ್ ನಟರಾಗಿಯೂ ಮನೆಮಾತಾಗಿದ್ದರು. ನಮ್ಮಲ್ಲಿ ಆ ಸ್ಥಾನ ಕಾರ್ನಾಡರದು.

ಅವರು ಹುಟ್ಟಿದ್ದು 1938ರ ಮೇ 19ರಂದು, ಮುಂಬಯಿಗೆ ಹತ್ತಿರದ ಗಿರಿಧಾಮ ಮಾಥೇರಾನ್‌ನಲ್ಲಿ. ಮನೆಮಾತು ಕೊಂಕಣಿ. ತಂದೆ ಡಾ. ರಘುನಾಥ ಕಾರ್ನಾಡ ಮುಂಬಯಿ ಪ್ರಾಂತದ ಸರಕಾರಿ ವೈದ್ಯರು. ತಾಯಿ ಕೃಷ್ಣಾಬಾಯಿ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು, ಕೈಯಲ್ಲೊಂದು ಮಗು. ನರ್ಸ್ ಕೆಲಸ ಕಲಿಯಲು ಹೋದಲ್ಲಿ ಡಾಕ್ಟರರ ಪರಿಚಯವಾಯಿತು. ವಿಧವೆಯನ್ನು ಮದುವೆಯಾಗುವುದು ಆ ಕಾಲದ ಅವರ ಸಮಾಜದಲ್ಲಿ ಸುಲಭವಿರಲಿಲ್ಲ, ಮದುವೆಗೆ ವರ್ಷಗಟ್ಟಲೆ ಕಾಯಬೇಕಾಯಿತು. ಜನ ಏನನ್ನುತ್ತಾರೆ ಎಂಬ ಭಯ ಮೀರಿ ಕಟ್ಟಿದ ಮನೆಯಲ್ಲಿ ಕಾರ್ನಾಡರು ಬೆಳೆದರು. ಮುಂದೆ ಅವರಲ್ಲಿ ಕಂಡ ಧೈರ್ಯಕ್ಕೆ ಇದೂ ಒಂದು ಬೇರು ಇರಬೇಕು.

ಬಾಲ್ಯ ಸಿರಸಿಯಲ್ಲಿ ಕಳೆಯಿತು. ಆಗಿನ್ನೂ ಅಲ್ಲಿಗೆ ಕರೆಂಟು ಬಂದಿರಲಿಲ್ಲ. ಬಯಲಲ್ಲಿ ಯಕ್ಷಗಾನ, ಊರಿಗೆ ಬರುವ ಕಂಪನಿ ನಾಟಕ, ಇವೇ ಮನರಂಜನೆ. ನಂತರ ಧಾರವಾಡ. ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದು, ಮುಂದಿನ ಓದಿಗೆ ಮುಂಬಯಿಗೆ ಹೊರಟರು. ಇಲ್ಲಿ ಒಂದು ಮಾತು ನೆನಪಿಡಿ: 1956ರ ನವೆಂಬರ್ 1ರವರೆಗೆ ಧಾರವಾಡ, ಸಿರಸಿ ಎಲ್ಲ ಮುಂಬಯಿ ರಾಜ್ಯಕ್ಕೇ ಸೇರಿದ್ದವು. ಹಾಗಾಗಿ ಆ ಕಡೆಯ ಹುಡುಗರಿಗೆ ಮುಂಬಯಿ ಪರದೇಶವಲ್ಲ, ನಿನ್ನೆ ಮೊನ್ನೆಯವರೆಗೆ ತಮ್ಮದೇ ರಾಜಧಾನಿ.

ಆ ಮುಂಬಯಿಯಲ್ಲಿ ಅವರು ಒಂದು ನಾಟಕ ನೋಡಿದರು. ಸ್ವೀಡನ್ನಿನ ಸ್ಟ್ರಿಂಡ್‌ಬರ್ಗ್ ಬರೆದ 'ಮಿಸ್ ಜೂಲಿ'. ಆಡಿಸಿದವರು ಇಬ್ರಾಹಿಂ ಅಲ್ಕಾಜಿ. ಸೌದಿ ಮೂಲದ ವ್ಯಾಪಾರಿ ತಂದೆ, ಕುವೈತಿನ ತಾಯಿ, ಹುಟ್ಟಿದ್ದು ಪುಣೆಯಲ್ಲಿ, ನಾಟಕ ಕಲಿತದ್ದು ಲಂಡನ್ನಿನಲ್ಲಿ. ಹೀಗಿದ್ದ ಅಲ್ಕಾಜಿ 1950ರ ದಶಕದಲ್ಲಿ ಮುಂಬಯಿಯಲ್ಲಿ 'ಥಿಯೇಟರ್ ಯೂನಿಟ್' ಕಟ್ಟಿ, ತಾವು ವಾಸವಿದ್ದ ಕಟ್ಟಡದ ತಾರಸಿಯ ಮೇಲೂ ನಾಟಕ ಆಡಿಸುತ್ತಿದ್ದರು. ಗ್ಯಾಸ್‌ಲೈಟಿನ ಬೆಳಕಲ್ಲಿ ನಾಟಕ ನೋಡಿ ಬೆಳೆದ ಕಾರ್ನಾಡರಿಗೆ ರಂಗದ ಮೇಲೆ ದೀಪ ನಿಧಾನಕ್ಕೆ ಮಂಕಾಗುವುದು, ಮತ್ತೆ ಬೆಳಗುವುದೇ ಒಂದು ಬೆರಗು. ಅದಕ್ಕಿಂತ ದೊಡ್ಡ ಬೆರಗು, ಪಾತ್ರಗಳು ತಮ್ಮ ಮನಸ್ಸಿನೊಳಗಿನ ಕ್ರೌರ್ಯವನ್ನು, ನಾಚಿಕೆಯನ್ನು ಹಾಗೆ ಎಲ್ಲರೆದುರು ಬಿಚ್ಚಿಡುವುದು. ಆ ಸಂಜೆ ತಮ್ಮನ್ನು ಅಲ್ಲಾಡಿಸಿಬಿಟ್ಟಿತು ಎಂದು ಅವರು ಮುಂದೆ ಹಲವು ಸಲ ನೆನೆದಿದ್ದಾರೆ.

ಆಗ ಅವರ ಕನಸು ಇಂಗ್ಲಿಷ್ ಕವಿಯಾಗುವುದು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿಗೆ, ಯಾರೂ ಕೇಳದೆ, ಕನ್ನಡದಲ್ಲಿ ಒಂದು ನಾಟಕ ಹೊರಬಂತು. ಮಗನ ಯೌವನವನ್ನು ಕೇಳಿ ಪಡೆಯುವ ಅಪ್ಪನ ಕಥೆ, 'ಯಯಾತಿ'. ಮಗ ಪರದೇಶದಲ್ಲೇ ಉಳಿದುಬಿಟ್ಟರೆ ಎಂಬ ಮನೆಯವರ ಆತಂಕದ ನಡುವೆ ಬರೆದದ್ದು ಅದು. ಓದು ಇಂಗ್ಲಿಷಿನದು, ಮನೆಮಾತು ಕೊಂಕಣಿ. ಆದರೆ ಒಳಗಿನ ಸಂಕಟ ಬಾಯಿಗೆ ಬಂದದ್ದು ಕನ್ನಡದಲ್ಲಿ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ ಮಾತಾಡಿ ಕನ್ನಡದಲ್ಲಿ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಬರೆಯುವ ಭಾಷೆ ಮನೆಮಾತೇ ಆಗಿರಬೇಕೆಂದಿಲ್ಲ, ಮನಸ್ಸು ಒಪ್ಪಿದ್ದಾಗಿರಬೇಕು.

ಈಗ 'ತುಘಲಕ್'ಗೆ ಬರೋಣ. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕವೇ ಇಲ್ಲ ಎಂಬ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು ಕಾರ್ನಾಡರು ಇತಿಹಾಸದ ಪುಸ್ತಕ ಹಿಡಿದರು. ನಾಟಕ ಬಂದದ್ದು 1964ರಲ್ಲಿ. ಅದರ ಮೊದಲ ದೃಶ್ಯದಲ್ಲೇ ಒಬ್ಬ ಬ್ರಾಹ್ಮಣ ಸುಲ್ತಾನನ ಮೇಲೆ ದಾವೆ ಹೂಡಿ ಗೆಲ್ಲುತ್ತಾನೆ, ಸುಲ್ತಾನ ತೀರ್ಪಿಗೆ ತಲೆಬಾಗುತ್ತಾನೆ. ತನ್ನ ರಾಜ್ಯದಲ್ಲಿ ಧರ್ಮ ನೋಡಿ ನ್ಯಾಯ ಕೊಡುವಂತಿಲ್ಲ ಎಂಬುದು ಅವನ ಆಸೆ. ಆದರೆ ಆ ಬ್ರಾಹ್ಮಣ ನಿಜಕ್ಕೂ ಬ್ರಾಹ್ಮಣನಲ್ಲ. ಅಝೀಝ್ ಎಂಬ ಅಗಸ ವೇಷ ಹಾಕಿ ಸುಲ್ತಾನನ ಒಳ್ಳೆಯತನವನ್ನೇ ಬಂಡವಾಳ ಮಾಡಿಕೊಂಡಿದ್ದಾನೆ. ನಾಟಕದ ಬೀಜ ಇಷ್ಟೇ: ಆದರ್ಶ ದೊಡ್ಡದು, ಅದನ್ನು ದುಡ್ಡು ಮಾಡಿಕೊಳ್ಳುವವರು ಇನ್ನೂ ಜಾಣರು.

ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಬದಲಿಸುವುದು, ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟುವುದು, ಎರಡೂ ಇತಿಹಾಸದಲ್ಲಿ ನಡೆದದ್ದೇ. ಯೋಚಿಸಿ ನೋಡಿ. ಇಂದು ನಾವು ಜೇಬಲ್ಲಿಟ್ಟುಕೊಳ್ಳುವ ನೋಟು ಬರೀ ಕಾಗದ, ಅದಕ್ಕೆ ಬೆಲೆ ಬಂದದ್ದು ಸರಕಾರದ ಮಾತಿನಿಂದ. ಆ ಯೋಚನೆ ಹದಿನಾಲ್ಕನೇ ಶತಮಾನದಲ್ಲಿ ಒಬ್ಬ ದೊರೆಗೆ ಹೊಳೆದಿತ್ತು. ಮನೆಮನೆಯಲ್ಲಿ ಖೋಟಾ ನಾಣ್ಯ ಅಚ್ಚಾಗುವುದನ್ನು ತಡೆಯುವ ದಾರಿ ಮಾತ್ರ ಹೊಳೆಯಲಿಲ್ಲ. ಕಾರ್ನಾಡರ ಸುಲ್ತಾನ ಬುದ್ಧಿವಂತ, ಕವಿಹೃದಯದವನು, ಚದುರಂಗದ ಆಟಗಾರ. ಅಷ್ಟೇ ಕ್ರೂರಿ ಕೂಡ. ಮಿತ್ರರ ನಂಬಿಕೆ ಕಳೆದುಕೊಂಡು, ನಮಾಝಿನ ಹೊತ್ತಿನಲ್ಲೇ ತನ್ನ ಕೊಲೆಗೆ ಸಂಚು ನಡೆದಾಗ, ಅವನು ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಕೊನೆಗೆ ಅಝಾನ್ ಕೇಳುವಾಗ ದಣಿದು ನಿದ್ದೆಹೋಗಿರುತ್ತಾನೆ. ಆ ದೃಶ್ಯ ಓದಿದವರು ಅವನನ್ನು ದ್ವೇಷಿಸಲಾರರು, ಕ್ಷಮಿಸಲೂ ಆರರು.

ನಾಟಕ ಬಂದದ್ದು ನೆಹರೂ ತೀರಿಕೊಂಡ ವರ್ಷವೇ. ದೊಡ್ಡ ಕನಸು ಕಂಡು ಕೈಸೋತ ಸ್ವತಂತ್ರ ಭಾರತದ ಕಥೆಯೆಂದು ದೇಶ ಅದನ್ನು ಓದಿತು. ಅಂದರೆ ಒಬ್ಬ ಮುಸ್ಲಿಂ ಸುಲ್ತಾನನ ಕನ್ನಡಿಯಲ್ಲಿ ಇಡೀ ಭಾರತ ತನ್ನ ಮುಖ ನೋಡಿಕೊಂಡಿತು. ಇದು ಸಣ್ಣ ಸಂಗತಿಯೇ?

ಈ ನಾಟಕವನ್ನು ದೊಡ್ಡದು ಮಾಡಿದ್ದರಲ್ಲೂ ಮುಂಬಯಿಯ ಪಾಲಿದೆ. ಖೋಜಾ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿದ ಆಲಿಕ್ ಪದಮ್‌ಸೀ ಒತ್ತಾಯ ಮಾಡಿ ಕಾರ್ನಾಡರಿಂದಲೇ ಇಂಗ್ಲಿಷಿಗೆ ಅನುವಾದಿಸಿಕೊಂಡು, 1970ರಲ್ಲಿ ಮುಂಬಯಿಯಲ್ಲಿ ಆಡಿಸಿದರು. ಸುಲ್ತಾನನಾಗಿದ್ದವರು ಆಗಿನ್ನೂ ಹೊಸಬರಾದ ಕಬೀರ್ ಬೇಡಿ. ದಿಲ್ಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆಯ ಮುಖ್ಯಸ್ಥರಾಗಿದ್ದ ಅಲ್ಕಾಜಿ ಅದನ್ನು ಪುರಾನಾ ಕಿಲಾದ ಗೋಡೆಗಳ ಮುಂದೆ ಆಡಿಸಿದರು. ಸಿರಸಿಯ ಹುಡುಗನಿಗೆ ನಾಟಕದ ಹುಚ್ಚು ಹತ್ತಿಸಿದ ಗುರು, ಅದೇ ಹುಡುಗ ಬರೆದ ನಾಟಕಕ್ಕೆ ಕೋಟೆಯನ್ನೇ ರಂಗಮಂಟಪ ಮಾಡಿಕೊಟ್ಟರು. ಮುಂಬಯಿಯಲ್ಲಿ ಉಳಿದ ಸತ್ಯದೇವ ದುಬೆ 'ಯಯಾತಿ', 'ಹಯವದನ'ಗಳನ್ನು ಹಿಂದಿಗೆ ತಂದರು. ವಿಜಯಾ ಮೆಹ್ತಾ 'ಹಯವದನ'ವನ್ನು ಮರಾಠಿಯಲ್ಲೂ ಮುಂದೆ ಜರ್ಮನ್‌ನಲ್ಲೂ ಆಡಿಸಿದರು.

ಮುಂಬಯಿ ಅವರಿಗೆ ಸಿನಿಮಾವನ್ನೂ ಕೊಟ್ಟಿತು. ಕನ್ನಡದ 'ಸಂಸ್ಕಾರ'ದ ನಂತರ ಶ್ಯಾಮ್ ಬೆನೆಗಲ್ ಅವರ 'ನಿಶಾಂತ್' (1975), 'ಮಂಥನ್' (1976) ಬಂದವು. 'ಮಂಥನ್' ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದ್ದರು. ಅದರಲ್ಲಿ ಹಳ್ಳಿಗೆ ಸಹಕಾರ ಸಂಘ ಕಟ್ಟಲು ಬರುವ ಡಾ. ರಾವ್ ಕಾರ್ನಾಡರು. 1984ರಲ್ಲಿ ಶಶಿ ಕಪೂರ್ ನಿರ್ಮಾಣದ 'ಉತ್ಸವ್' ಚಿತ್ರವನ್ನು ತಾವೇ ನಿರ್ದೇಶಿಸಿದರು. ಜೀವನಕ್ಕೆ ಸಿನಿಮಾ, ಟಿ.ವಿ. ಆಧಾರವಾದರೂ ನಾಟಕ ಬಿಡಲಿಲ್ಲ. 1987-88ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ ಬರೆದ 'ನಾಗಮಂಡಲ' 1993ರಲ್ಲಿ ಮಿನಿಯಾಪೊಲಿಸ್‌ನ ಗುತ್ರಿ ಥಿಯೇಟರಿನಲ್ಲಿ ಆಡಿತು. 1997ರಲ್ಲಿ ಬಿಬಿಸಿಗಾಗಿ ಟಿಪ್ಪು ಕುರಿತು ಬರೆದರು. ಟಿಪ್ಪು ತನ್ನ ಕನಸುಗಳನ್ನು ಫಾರ್ಸಿಯಲ್ಲಿ ಸ್ವಂತ ಕೈಯಿಂದ ಬರೆದಿಟ್ಟಿದ್ದ ಪುಸ್ತಕ ಲಂಡನ್ನಿನಲ್ಲಿದೆ, ನಾಟಕ ಹುಟ್ಟಿದ್ದು ಅದರಿಂದ. ಜ್ಞಾನಪೀಠ ಬಂದದ್ದು 1998ರಲ್ಲಿ.

ಇನ್ನು 2012ರ ನವೆಂಬರಿಗೆ ಬನ್ನಿ. ಮುಂಬಯಿಯ ನರಿಮನ್ ಪಾಯಿಂಟ್‌ನ ಎನ್.ಸಿ.ಪಿ.ಎ. ರಂಗಮಂದಿರದಲ್ಲಿ ಸಾಹಿತ್ಯ ಉತ್ಸವ. ನೊಬೆಲ್ ಪುರಸ್ಕೃತ ವಿ.ಎಸ್. ನೈಪಾಲ್ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಾಗಿತ್ತು. ಕಾರ್ನಾಡರನ್ನು ಕರೆದದ್ದು ತಮ್ಮ ರಂಗಜೀವನದ ಬಗ್ಗೆ ಮಾತಾಡಲು. ಅವರು ಎದ್ದು ನಿಂತು ಮಾತಾಡಿದ್ದೇ ಬೇರೆ. ನೈಪಾಲ್ ತಮ್ಮ ಪುಸ್ತಕಗಳಲ್ಲಿ ಭಾರತದ ಮುಸ್ಲಿಮರನ್ನು ಬರೀ ದಾಳಿಕೋರರಾಗಿ, ನಾಶ ಮಾಡುವವರಾಗಿ ಚಿತ್ರಿಸಿದ್ದಾರೆ, ಅಂಥವರಿಗೆ ಪ್ರಶಸ್ತಿ ಕೊಡುವಾಗ ಸಂಘಟಕರು ಈ ಪ್ರಶ್ನೆಯನ್ನೇ ಕೇಳಲಿಲ್ಲ ಎಂದರು. ಕರೆದ ಮನೆಯಲ್ಲಿ ಹೀಗೆ ಮಾತಾಡಬಹುದೇ ಎಂದು ಹಲವರು ಸಿಟ್ಟಾದರು. ಅದೂ ಒಂದು ವಾದವೇ, ಅಲ್ಲಗಳೆಯುವುದು ಬೇಡ. ಆದರೆ ಆ ಸಭೆಯಲ್ಲಿ ಕೂತು ಚಪ್ಪಾಳೆ ತಟ್ಟಿ ಬಂದಿದ್ದರೆ ಅವರಿಗೆ ನಷ್ಟವೇನೂ ಇರಲಿಲ್ಲ. ಮಾತಾಡಿದ್ದರಿಂದ ಲಾಭವೂ ಇರಲಿಲ್ಲ. ಅದೇ ತಿಂಗಳು ಅವರು ರವೀಂದ್ರನಾಥ ಟಾಗೋರರನ್ನು ಎರಡನೇ ದರ್ಜೆಯ ನಾಟಕಕಾರ ಅಂದು ಇನ್ನಷ್ಟು ಜನರ ಸಿಟ್ಟಿಗೆ ಗುರಿಯಾದರು. ಅಂದರೆ ಅವರದು ಯಾರನ್ನೋ ಓಲೈಸುವ ಮಾತಾಗಿರಲಿಲ್ಲ.

ನೈಪಾಲ್ ತಮ್ಮ ಪುಸ್ತಕದಲ್ಲಿ ಎತ್ತಿಕೊಂಡಿದ್ದ ಒಂದು ಉದಾಹರಣೆ ವಿಜಯನಗರದ ನಾಶ. ಆರು ವರ್ಷಗಳ ನಂತರ, 2018ರಲ್ಲಿ, ಕಾರ್ನಾಡರ ಕೊನೆಯ ನಾಟಕ ಬಂತು: 'ರಾಕ್ಷಸ ತಂಗಡಿ'. 1565ರ ತಾಳಿಕೋಟೆ ಯುದ್ಧದ ಕಥೆ. ಅಲ್ಲಿ ಹಿಂದೂ ಮುಸ್ಲಿಂ ಎಂದು ಗೆರೆ ಎಳೆದ ಎರಡು ಪಾಳಯ ಕಾಣುವುದಿಲ್ಲ. ವಿಜಾಪುರದ ಆದಿಲ್ ಶಾಹಿಯ ಜೊತೆ ತಂದೆ ಮಗನಂತಿದ್ದ ರಾಮರಾಯ, ಸುಲ್ತಾನರ ನಡುವಿನ ಒಳಜಗಳ, ಅಹಂಕಾರ, ಲೆಕ್ಕಾಚಾರ ಕಾಣುತ್ತವೆ. ಭಾಷಣಕ್ಕೆ ಸಿಟ್ಟಾದವರಿಗೆ ಅವರು ಕೊಟ್ಟ ನಿಜವಾದ ಉತ್ತರ ಇದೇ ಎಂದು ನನಗನಿಸುತ್ತದೆ.

2018ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಸ್ಮರಣೆಯ ಸಭೆಗೆ ಅವರು ಬಂದದ್ದು ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು, ಕೊರಳಲ್ಲಿ ಪ್ರತಿಭಟನೆಯ ಫಲಕ ತೂಗುಹಾಕಿಕೊಂಡು. 2019ರ ಜೂನ್ 10ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಸರಕಾರಿ ಗೌರವವಾಗಲೀ ಧಾರ್ಮಿಕ ವಿಧಿಯಾಗಲೀ ಇಲ್ಲದೆ ಅಂತ್ಯಕ್ರಿಯೆ ನಡೆಯಿತು.

ಕೆಲವು ಗೆಳೆಯರು ಕೇಳುತ್ತಾರೆ: 'ತುಘಲಕ್' ನಾಟಕದಿಂದ ಮುಸ್ಲಿಂ ದೊರೆ ಎಂದರೆ ಹುಚ್ಚ ಎಂಬ ಮಾತಿಗೆ ಬಲ ಬರುವುದಿಲ್ಲವೇ? ಓದದೇ ಇದ್ದರೆ ಖಂಡಿತ ಬರುತ್ತದೆ. ಓದಿದರೆ ಬರುವುದಿಲ್ಲ. ನಮ್ಮವರನ್ನು ಬರೀ ಹೊಗಳುವ ಬರಹ ನಮಗೆ ಹಿತವಾಗಬಹುದು, ಆದರೆ ಅದನ್ನು ಹೊರಗಿನವರು ನಂಬುವುದಿಲ್ಲ. ಬರೀ ತೆಗಳುವ ಬರಹವನ್ನು ನಾವು ಒಪ್ಪುವುದಿಲ್ಲ. ಯೋಚಿಸುವ, ಎಡವುವ, ತಪ್ಪಿಗೆ ಬೆಲೆ ತೆರುವ ಮನುಷ್ಯನನ್ನಾಗಿ ತೋರಿಸಿದರೆ ಮಾತ್ರ ಎದುರಿನವನು ತನ್ನನ್ನೂ ಅಲ್ಲಿ ಕಾಣುತ್ತಾನೆ. ಕಾರ್ನಾಡರು ಮಾಡಿದ್ದು ಅದನ್ನು. ಮುಂದಿನ ಸಲ ಪತ್ರಿಕೆಯಲ್ಲಿ 'ತುಘಲಕ್ ದರ್ಬಾರ್' ಎಂಬ ತಲೆಬರಹ ಕಂಡಾಗ ನಕ್ಕು ಪುಟ ತಿರುವಬೇಡಿ. ನಾಟಕ ತೆಗೆದು ಓದಿ. ದೊಡ್ಡ ಪುಸ್ತಕವೇನಲ್ಲ, ಒಂದು ಸಂಜೆ ಸಾಕು.