ಮೊದಲು ಕಣ್ಣು, ಆಮೇಲೆ ಕೋವಿ

ಡಿಸೆಂಬರ್ ಎರಡನೇ ವಾರ, ಬೆಳಗಿನ ಏಳು ಗಂಟೆ. ಬಾಟಲಿಯ ಬಾಯಲ್ಲಿ ನೀರು ಹೆಪ್ಪುಗಟ್ಟಿತ್ತು. ಅರಿಜೋನಾದ ಟೂಸಾನ್ ನಗರದಿಂದ ದಕ್ಷಿಣಕ್ಕೆ, ಮೆಕ್ಸಿಕೊ ಗಡಿಯ ಹತ್ತಿರ, ಅಟಸ್ಕೋಸಾ ಬೆಟ್ಟಸಾಲಿನ ಒಂದು ದಿಬ್ಬದ ಮೇಲೆ ನಾವಿಬ್ಬರು ಕೂತಿದ್ದೆವು. ಜೊತೆಗಿದ್ದವರು ಚಾಂಡ್ಲರ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು, ನಲವತ್ತು ವರ್ಷಗಳಿಂದ ಈ ಬೆಟ್ಟಗಳಲ್ಲಿ ಶಿಕಾರಿ ಮಾಡಿದವರು. ಅವರ ಕೋವಿ ಈಡು ತುಂಬದೆ ಚೀಲದ ಪಕ್ಕದಲ್ಲಿ ಮಲಗಿತ್ತು. ಅವರ ಕಣ್ಣು ಮಾತ್ರ ಟ್ರೈಪಾಡಿನ ಮೇಲೆ ಕೂರಿಸಿದ ದೊಡ್ಡ ದುರ್ಬೀನಿಗೆ ಅಂಟಿಕೊಂಡಿತ್ತು. ಎರಡು ಗಂಟೆ ಕಳೆದರೂ ಅವರು ಎದುರಿನ ಒಂದೇ ಇಳಿಜಾರನ್ನು ನೋಡುತ್ತಿದ್ದರು.

"ಬಾ, ನೋಡು. ಮೂರು ಓಕ್ ಮರ ಇವೆಯಲ್ಲ, ನಡುವಿನದರ ಬುಡ. ನೆರಳು ಮುಗಿದು ಬಿಸಿಲು ಶುರುವಾಗುವ ಕಡೆ. ಕಿವಿ."

ನೋಡಿದೆ. ಹಳದಿ ಹುಲ್ಲು, ಬೂದು ಕಲ್ಲು, ಇನ್ನಷ್ಟು ಹುಲ್ಲು. ಐದು ನಿಮಿಷವಾದ ಮೇಲೆ ಹುಲ್ಲಿನ ನಡುವೆ ಏನೋ ಪಟಕ್ಕನೆ ಅಲುಗಿತು. ಅದು ಕಿವಿ. ಆಮೇಲೆ ಅದರ ಕೆಳಗೆ ಕಪ್ಪು ಮೂಗು, ಗಂಟಲಿನ ಬಿಳಿ ಪಟ್ಟೆ, ಮಡಿಸಿಟ್ಟ ಮುಂಗಾಲು ಒಂದೊಂದಾಗಿ ಕೂಡಿಕೊಂಡು ಇಡೀ ಜಿಂಕೆ ಮೂಡಿ ಬಂತು. ದುರ್ಬೀನಿನಿಂದ ಮುಖ ಎತ್ತಿ ಬರಿಗಣ್ಣಲ್ಲಿ ನೋಡಿದರೆ ಅಲ್ಲಿ ಬೆಟ್ಟ ಬಿಟ್ಟು ಬೇರೇನೂ ಇರಲಿಲ್ಲ.

"ಹೆಣ್ಣು," ಎಂದರು. "ಆದರೆ ಡಿಸೆಂಬರ್ ಇದು. ಹೆಣ್ಣು ಇದ್ದ ಕಡೆ ಗಂಡು ದೂರ ಇರೋದಿಲ್ಲ. ಕೂತಿರೋಣ."

ನಾನು ಕೋವಿ ಹಿಡಿದವನಲ್ಲ. ಮೂರು ಚಳಿಗಾಲ ಅವರ ಜೊತೆ ಹೊರೆ ಹೊತ್ತು ತಿರುಗಿದವನು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ಅಜ್ಜಂದಿರ ಕಥೆಯಾಗಿ ಉಳಿದಿದೆ, ಹಾಗೆಯೇ ಉಳಿಯಲಿ. ಆದರೆ ಫೀನಿಕ್ಸ್ ಸುತ್ತಲಿನ ಊರುಗಳಲ್ಲಿ ಈಗ ಕನ್ನಡದ ಮನೆಗಳು ಬೇಕಾದಷ್ಟಿವೆ. ಆಫೀಸಿನ ಗೆಳೆಯರು ಕರೆದರೆಂದು ಹುರುಪಿನಲ್ಲಿ ಹೊರಟುಬಿಡುವ ಹುಡುಗರನ್ನು ಕಂಡಿದ್ದೇನೆ. ಅಂಗಡಿಯಲ್ಲಿ ಅವರು ಮೊದಲು ಕೇಳುವುದು ಕೋವಿಯ ಬಗ್ಗೆ. ಆ ನೆಲ ಕೇಳುವುದೇ ಬೇರೆ, ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವು ಕಂಡದ್ದು ಕೂಸ್ ಜಿಂಕೆ, ಬಿಳಿಬಾಲದ ಜಿಂಕೆಯ ಒಂದು ಚಿಕ್ಕ ಉಪಜಾತಿ. ಬೆಳೆದ ಗಂಡು ಸುಮಾರು 45 ಕಿಲೋ ತೂಗಿದರೆ ಹೆಚ್ಚು, ಭುಜದ ಎತ್ತರ ಎರಡೂವರೆ ಅಡಿ. ಹೆಸರು ಬಂದಿದ್ದು ಎಲಿಯಟ್ ಕೌಸ್ ಎಂಬ ಸೇನಾ ವೈದ್ಯನಿಂದ. 1864ರಲ್ಲಿ ಅರಿಜೋನಾದ ವಿಪಲ್ ಕೋಟೆಗೆ ಬಂದ ಈತ ಹಕ್ಕಿಗಳ ಅಧ್ಯಯನದಿಂದ ಹೆಸರಾದವನು. ಮನೆತನದವರು ಹೇಳುತ್ತಿದ್ದದ್ದು ಕೌಸ್ ಎಂದೇ. ಬೇಟೆಗಾರರ ಬಾಯಲ್ಲಿ ಅದು ಕೂಸ್ ಆಗಿ ನಿಂತಿತು. ಕನ್ನಡದ ಕಿವಿಗೆ ಕೂಸು ಎಂದೇ ಕೇಳಿಸುತ್ತದೆ, ಗಾತ್ರಕ್ಕೂ ಹೊಂದುತ್ತದೆ. ಅಲ್ಲಿಯವರು ಅದನ್ನು ಬೂದು ಭೂತ ಅಂತಲೂ ಕರೆಯುತ್ತಾರೆ. ಕಲ್ಲಿನ ಬಣ್ಣದ ಮೈ ಹೊತ್ತು ಕಲ್ಲುಗಳ ನಡುವೆ ಕರಗಿಹೋಗುವ ಪ್ರಾಣಿಗೆ ಆ ಹೆಸರು ತಕ್ಕದ್ದು.

ಮಲೆನಾಡಿನ ಹಳಬರಿಗೆ ಗೊತ್ತಿದ್ದ ಬೇಟೆ ಎರಡು ಬಗೆಯದು. ಹಳು ಸೋವಿ ಪ್ರಾಣಿಯನ್ನು ಕೋವಿಯ ಬಾಯಿಗೆ ತರುವುದು ಒಂದು, ಮರಸು ಕೂತು ಅದೇ ಬರುವುದನ್ನು ಕಾಯುವುದು ಇನ್ನೊಂದು. ಎರಡೂ ದಟ್ಟ ಕಾಡಿನ ವಿದ್ಯೆ. ಅರಿಜೋನಾದ ದಕ್ಷಿಣದಲ್ಲಿ ಕಣ್ಣಿಗೆ ಅಡ್ಡಬರುವ ಕಾಡಿಲ್ಲ. ಒಂದು ದಿಬ್ಬದಿಂದ ನಾಲ್ಕು ಕಣಿವೆ ಕಾಣುತ್ತವೆ. ನಡೆದರೆ ನೀವು ಪ್ರಾಣಿಯನ್ನು ಕಾಣುವ ಮೊದಲೇ ಅದು ನಿಮ್ಮನ್ನು ಕಂಡು ಗುಡ್ಡದ ಆಚೆ ಇಳಿದಿರುತ್ತದೆ. ಹಾಗಾಗಿ ಅಲ್ಲಿ ನಡಿಗೆ ಕಡಿಮೆ, ನೋಟ ಹೆಚ್ಚು.

ನೋಡುವುದಕ್ಕೂ ಒಂದು ಕ್ರಮವಿದೆ. ಬೆಳಗ್ಗೆ ಸೂರ್ಯ ಬೆನ್ನಿಗಿರುವಂತೆ ಕೂರಬೇಕು, ಆಗ ಎದುರಿನ ಇಳಿಜಾರು ಬೆಳಗುತ್ತದೆ, ಪ್ರಾಣಿಯ ಕಣ್ಣಿಗೆ ನಾವು ಕಪ್ಪಾಗುತ್ತೇವೆ. ಹತ್ತು ಪಟ್ಟು ಹತ್ತಿರ ತೋರಿಸುವ ಸಾಧಾರಣ ದುರ್ಬೀನು ಕೊರಳಲ್ಲಿ ಇರಲಿ. ಆದರೆ ನಿಜವಾದ ಕೆಲಸ ಮಾಡುವುದು ಹದಿನೈದು ಪಟ್ಟಿನ, 56 ಮಿಲಿಮೀಟರ್ ಮಸೂರದ ದುರ್ಬೀನು. ಅದನ್ನು ಕೈಯಲ್ಲಿ ಹಿಡಿದರೆ ನಮ್ಮ ಉಸಿರಿಗೇ ಬೆಟ್ಟ ಅಲುಗಾಡುತ್ತದೆ. ಟ್ರೈಪಾಡಿಗೆ ಬಿಗಿದು, ಹೊಲ ಉತ್ತ ಹಾಗೆ ಸಾಲು ಸಾಲಾಗಿ ಎಡದಿಂದ ಬಲಕ್ಕೆ, ಒಂದು ಸಾಲು ಇಳಿದು ಬಲದಿಂದ ಎಡಕ್ಕೆ ನೋಡುತ್ತ ಹೋಗಬೇಕು. ಇಡೀ ಜಿಂಕೆಯನ್ನು ಹುಡುಕುವವನಿಗೆ ಅದು ಸಿಗುವುದಿಲ್ಲ. ಕಿವಿಯ ಅಲುಗು, ಕೊಂಬಿನ ಮಿಂಚು, ನೆಟ್ಟಗೆ ಬೆಳೆದ ಗಿಡಗಳ ನಡುವೆ ಅಡ್ಡಕ್ಕೆ ಹೋದ ಒಂದು ಬೆನ್ನಿನ ಗೆರೆ, ಇಷ್ಟು ಸಿಕ್ಕರೆ ಸಾಕು. ಎರಡು ಗಂಟೆ ಅಲುಗದೆ ಕೂರಲು ದಪ್ಪನೆಯ ಒಂದು ಆಸನ ಬೇಕೇ ಬೇಕು. ಕಲ್ಲಿನ ಮೇಲೆ ಕುಂಡಿ ನೊಂದವನು ಇಪ್ಪತ್ತು ನಿಮಿಷಕ್ಕೆ ಎದ್ದು ಓಡಾಡುತ್ತಾನೆ, ಅಲ್ಲಿಗೆ ಅವನ ದಿನ ಮುಗಿಯಿತು. ನನ್ನ ಕೇಳಿದರೆ, ಕೈಯಲ್ಲಿರುವ ದುಡ್ಡಿನ ದೊಡ್ಡ ಪಾಲು ದುರ್ಬೀನಿಗೆ ಹೋಗಲಿ, ಉಳಿದದ್ದರಲ್ಲಿ ಬೂಟು, ಅದರಲ್ಲಿ ಮಿಕ್ಕಿದ್ದು ಕೋವಿಗೆ.

ಕೋವಿಯ ವಿಷಯಕ್ಕೆ ನೂರು ವರ್ಷದ ಹಳೆಯ ಉತ್ತರವೇ ಈಗಲೂ ನಡೆಯುತ್ತದೆ. 1925ರಲ್ಲಿ ಬಂದ ಪಾಯಿಂಟ್ 270 ವಿಂಚೆಸ್ಟರ್ ತೋಟಾವನ್ನು ಮನೆಮಾತು ಮಾಡಿದವರು ಜಾಕ್ ಓ'ಕಾನರ್. 1902ರಲ್ಲಿ ಅರಿಜೋನಾದಲ್ಲಿ ಹುಟ್ಟಿ, ಟೂಸಾನ್‌ನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿ, ಆಮೇಲೆ ದಶಕಗಟ್ಟಲೆ 'ಔಟ್‌ಡೋರ್ ಲೈಫ್' ಪತ್ರಿಕೆಯಲ್ಲಿ ಕೋವಿಗಳ ಬಗ್ಗೆ ಬರೆದವರು. ಈ ಪುಟ್ಟ ಜಿಂಕೆಯ ಬೇಟೆಯೆಂದರೆ ಅವರಿಗೆ ಪ್ರಾಣ. ಕೋವಿ ಯಾವುದೇ ಇರಲಿ, ಮೇಜಿನ ಮೇಲೆ ಮರಳುಚೀಲ ಇಟ್ಟು ಗುರಿ ಕಲಿತವನು ಬೆಟ್ಟದಲ್ಲಿ ಸೋಲುತ್ತಾನೆ. ಇಳಿಜಾರಿನಲ್ಲಿ ಕಾಲೂರಲು ಜಾಗವಿರುವುದಿಲ್ಲ, ಏದುಸಿರು, ಕಣಿವೆಯಲ್ಲಿ ಅಡ್ಡಗಾಳಿ. ಕೂತು, ಚೀಲಕ್ಕೆ ಆನಿಸಿ, ಟ್ರೈಪಾಡಿಗೆ ಆನಿಸಿ ಹೊಡೆಯುವುದನ್ನು ಬೇಸಿಗೆಯಿಡೀ ಅಭ್ಯಾಸ ಮಾಡಬೇಕು. ದೂರ ಅಳೆಯುವ ಲೇಸರ್ ಉಪಕರಣ ಇಳಿಜಾರಿನ ಕೋನವನ್ನೂ ಲೆಕ್ಕ ಹಾಕುವಂಥದ್ದಿರಲಿ. ನಮ್ಮ ಹಿರಿಯರ ಗಡಿ 300 ಗಜ. ಅದರಾಚೆ ಎಂಥ ಕೊಂಬು ಕಂಡರೂ ಅವರು ಕೋವಿ ಎತ್ತಿದ್ದನ್ನು ನಾನು ನೋಡಿಲ್ಲ.

ಇನ್ನು ಆ ನೆಲದ ಮುಳ್ಳು. ಪಾಪಾಸುಕಳ್ಳಿ, ಕತ್ತಾಳೆ ನಮ್ಮ ಹೊಲದ ಬೇಲಿಗೆ ಬಂದದ್ದೇ ಅಮೆರಿಕ ಖಂಡಗಳಿಂದ. ಬಳ್ಳಾರಿ ಜಾಲಿಯ ಅಕ್ಕತಂಗಿಯರು ಅಲ್ಲಿನ ಒಣಹಳ್ಳಗಳ ತುಂಬ ಮೆಸ್ಕೀಟ್ ಎಂಬ ಹೆಸರಲ್ಲಿ ನಿಂತಿದ್ದಾರೆ. ಮೊದಲ ದಿನ ನೋಡಿ ತವರಿನವರು ಸಿಕ್ಕಂತಾಗಿತ್ತು. ಆದರೆ ಅಲ್ಲಿಯ ಕತ್ತಾಳೆಯ ಒಂದು ಕುಳ್ಳ ಜಾತಿ ಮೊಣಕಾಲಿನ ಕೆಳಗೇ ಹುಲ್ಲಿನಲ್ಲಿ ಅಡಗಿ, ದಬ್ಬಣದಂಥ ತುದಿಯಿಂದ ಮೀನಖಂಡವನ್ನು ಚುಚ್ಚುತ್ತದೆ. ಚೋಯಾ ಎಂಬ ಕಳ್ಳಿ ಅದಕ್ಕಿಂತ ಕಷ್ಟ. ಅದರ ಗೆಣ್ಣು ಮುಟ್ಟಿದರೆ ಸಾಕು, ಗಿಡದಿಂದ ಕಳಚಿ ಮೈಗೆ ಹತ್ತಿಕೊಳ್ಳುತ್ತದೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖವಾದ ಕೊಕ್ಕೆಗಳಿವೆ. ಮೊದಲ ವರ್ಷ ತೆಳು ಪ್ಯಾಂಟು ಹಾಕಿಕೊಂಡು ಹೋಗಿದ್ದ ನನ್ನ ಕಾಲಿಗೆ ಅದು ಅಂಟಿತು. ಗಾಬರಿಯಲ್ಲಿ ಕೈ ಹಾಕಿದೆ, ಕೈಗೂ ಅಂಟಿತು. ಹಿರಿಯರು ಜೇಬಿನಿಂದ ತಲೆ ಬಾಚುವ ಸಾದಾ ಬಾಚಣಿಗೆ ತೆಗೆದು, ಅದರ ಹಲ್ಲುಗಳನ್ನು ಚರ್ಮಕ್ಕೂ ಗೆಣ್ಣಿಗೂ ನಡುವೆ ತೂರಿಸಿ ಒಮ್ಮೆಲೇ ಚಿಮ್ಮಿದರು. ಗೆಣ್ಣು ದೂರ ಹೋಗಿ ಬಿತ್ತು. ಉಳಿದ ಮುಳ್ಳುಗಳನ್ನು ಚಿಮಟದಲ್ಲಿ ಒಂದೊಂದಾಗಿ ಕಿತ್ತರು. ಅವತ್ತಿನಿಂದ ನನ್ನ ಚೀಲದಲ್ಲೂ ಒಂದು ಬಾಚಣಿಗೆ, ಒಂದು ಚಿಮಟ. ಗಟ್ಟಿ ಅಟ್ಟೆಯ, ಹರಡು ಮುಚ್ಚುವ ಬೂಟು, ಮೊಣಕಾಲಿನವರೆಗೆ ದಪ್ಪ ಬಟ್ಟೆಯ ಗೇಟರು, ತೊಗಲಿನ ಕೈಗವಸು ಇಲ್ಲದೆ ಆ ಬೆಟ್ಟ ಹತ್ತಬೇಡಿ. ಅರಿಜೋನಾದಲ್ಲಿ ಬುಡುಬುಡಿಕೆ ಹಾವಿನ 13 ಜಾತಿಗಳಿವೆ. ಡಿಸೆಂಬರಿನಲ್ಲಿ ಅವು ಬಹುಮಟ್ಟಿಗೆ ಬಿಲದಲ್ಲಿರುತ್ತವೆ, ಆಗಸ್ಟಿನ ಬಿಲ್ಲುಬಾಣದ ಹಂಗಾಮಿನಲ್ಲಿ ಹಾಗಲ್ಲ.

ನೀರು ದಿನಕ್ಕೆ ನಾಲ್ಕು ಲೀಟರ್. ಲೀಟರಿಗೆ ಒಂದು ಕಿಲೋ ತೂಕ, ಬೆನ್ನಿಗೆ ಗೊತ್ತಾಗುತ್ತದೆ. ಆದರೂ ಅದನ್ನು ಕಡಿಮೆ ಮಾಡಬೇಡಿ, ನಕ್ಷೆಯಲ್ಲಿ ನೀಲಿ ಗೆರೆ ಕಂಡರೆ ಅಲ್ಲಿ ನೀರಿದೆ ಎಂದುಕೊಳ್ಳಬೇಡಿ. ನೀರಿನ ಗುಂಡಿ ಸಿಕ್ಕರೂ ಅದರ ಕಾಲು ಮೈಲಿಯೊಳಗೆ ಬಿಡಾರ ಹೂಡುವುದು ಕಾನೂನು ಪ್ರಕಾರ ತಪ್ಪು. ಮನುಷ್ಯ ಪಕ್ಕದಲ್ಲಿ ಮಲಗಿದರೆ ಕುಡಿಯಲು ಬಂದ ಪ್ರಾಣಿಗಳು ಬಾಯಾರಿಯೇ ಹಿಂದಿರುಗುತ್ತವೆ. ಒಣಹಳ್ಳದ ಮರಳು ಮಲಗಲು ಮೆತ್ತಗಿರುತ್ತದೆ ನಿಜ, ಆದರೆ ಮೇಲೆಲ್ಲೋ ಸುರಿದ ಮಳೆ ಕೆಳಗಿನ ಹಳ್ಳಕ್ಕೆ ಗೋಡೆಯಂತೆ ಬರುತ್ತದೆ. ಫೋನಿಗೆ ಸಿಗ್ನಲ್ ಇರುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಜೇಬಿನಲ್ಲಿರಲಿ. ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯಲ್ಲಿ ಬರೆದಿಟ್ಟು ಹೊರಡಿ.

ಮನಸ್ಸು ಬಂದಾಗ ಹೋಗಿ ಬೇಟೆಯಾಡುವಂತಿಲ್ಲ. ರಾಜ್ಯವನ್ನು ಸಂಖ್ಯೆಯ ವಲಯಗಳಾಗಿ ವಿಂಗಡಿಸಿದ್ದಾರೆ. ನಾವಿದ್ದದ್ದು 36ಬಿ. ಪ್ರತಿ ವಲಯಕ್ಕೂ ಪರವಾನಗಿ ಚೀಟಿಗಳು ಇಷ್ಟೇ ಎಂದು ನಿಗದಿ. ಮೊದಲೇ ಅರ್ಜಿ ಹಾಕಬೇಕು, ಚೀಟಿ ಎತ್ತುತ್ತಾರೆ. ಸಿಗದಿದ್ದವರಿಗೆ ಒಂದು ಬೋನಸ್ ಪಾಯಿಂಟು, ಮುಂದಿನ ವರ್ಷ ಅವಕಾಶ ಸ್ವಲ್ಪ ಹೆಚ್ಚು. ಮರುಭೂಮಿಯ ದೊಡ್ಡಕೊಂಬಿನ ಕುರಿಗಂತೂ ಇಡೀ ಜೀವಮಾನಕ್ಕೆ ಒಂದೇ. ನಮ್ಮವರಿಗೆ ಇನ್ನೊಂದು ಮಾತು: ಕೆಲಸದ ಅಥವಾ ಓದಿನ ವೀಸಾ ಮೇಲಿರುವವರು ಕೋವಿ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಒಕ್ಕೂಟ ಕಾನೂನಿನ ತಡೆಯಿದೆ, ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ. ಗೆಳೆಯನ ಕೋವಿ ತಾನೇ ಎಂದು ಕೈಗೆ ತೆಗೆದುಕೊಳ್ಳುವ ಮೊದಲು ಇದನ್ನು ಸರಿಯಾಗಿ ವಿಚಾರಿಸಿಕೊಳ್ಳಬೇಕು. ನೀರಿನ ಗುಂಡಿಗಳ ಬಳಿ ಕ್ಯಾಮೆರಾ ಕಟ್ಟಿ ಪ್ರಾಣಿಯ ಜಾಡು ಹಿಡಿದು ಬೇಟೆಯಾಡುವುದನ್ನು ಅರಿಜೋನಾ 2022ರ ಜನವರಿಯಿಂದ ನಿಷೇಧಿಸಿದೆ. ಅದು ಸರಿಯಾದ ತೀರ್ಮಾನ ಎಂದು ನನಗನ್ನಿಸುತ್ತದೆ. ಮರುಭೂಮಿಯಲ್ಲಿ ಪ್ರಾಣಿ ನೀರಿಗೆ ಬಾರದೆ ಇರಲಾರದು, ಅಲ್ಲಿ ಕಣ್ಣಿಡುವುದು ಬೇಟೆ ಎನಿಸಿಕೊಳ್ಳುವುದಿಲ್ಲ.

ಅವತ್ತು ಮಧ್ಯಾಹ್ನ ಹನ್ನೆರಡೂವರೆ. ನಾನು ಚಪಾತಿ ಬಿಚ್ಚುತ್ತಿದ್ದೆ. ಹಿರಿಯರು ದುರ್ಬೀನು ಬಿಟ್ಟಿರಲಿಲ್ಲ. "ನೆರಳು ಸರಿಯಿತು ನೋಡು," ಎಂದರು. ಬೆಳಗ್ಗೆ ನೆರಳಲ್ಲಿ ಮಲಗಿದ ಜಿಂಕೆ, ಸೂರ್ಯ ತಿರುಗಿದಾಗ ಬಿಸಿಲಿಗೆ ಬೀಳುತ್ತದೆ. ಆಗ ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ನೆರಳಲ್ಲಿ ಮಲಗುತ್ತದೆ. ಅಷ್ಟೇ ಹೊತ್ತು, ಅರ್ಧ ನಿಮಿಷ. ಬಹಳ ಜನ ಊಟ ಮಾಡುತ್ತ, ನಿದ್ದೆ ಹೊಡೆಯುತ್ತ ಕಳೆದುಕೊಳ್ಳುವುದು ಆ ಅರ್ಧ ನಿಮಿಷವನ್ನು. ಹೆಣ್ಣು ಮಲಗಿದ್ದ ಮರಕ್ಕಿಂತ ಮೇಲೆ, ನಾವು ಬೆಳಗಿನಿಂದ ಹತ್ತಾರು ಸಲ ನೋಡಿ ಏನೂ ಇಲ್ಲವೆಂದುಕೊಂಡಿದ್ದ ಪೊದೆಯಿಂದ ಗಂಡು ಎದ್ದು ನಿಂತಿತು.

ದೂರ 640 ಗಜ. ಅದು ಮತ್ತೆ ಮಲಗುವವರೆಗೆ ಕಾದು, ಅದರ ಎದುರಿನ ಕಲ್ಲಿನ ಗುರುತು ಹಿಡಿದು ಹೊರಟೆವು. ಬಿಸಿಲೇರಿದ ಮೇಲೆ ಕಣಿವೆಯ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಕೆಳಗಿನಿಂದ ಹತ್ತಿದರೆ ನಮ್ಮ ವಾಸನೆಯೇ ಮೊದಲು ಹೋಗಿ ಸುದ್ದಿ ಕೊಡುತ್ತಿತ್ತು. ಬಳಸಿಕೊಂಡು, ಪಕ್ಕದ ಏಣನ್ನು ಹತ್ತಿ, 280 ಗಜಕ್ಕೆ ಬರುವುದರಲ್ಲಿ ಎರಡೂವರೆ ಆಗಿತ್ತು. ಒಂದೇ ಈಡು.

ಹೊಡೆದ ಕೂಡಲೇ ನಾವು ಓಡಲಿಲ್ಲ. ಅವರು ನನ್ನ ಕೈಯಲ್ಲಿ ಆ ಇಳಿಜಾರಿನ ಫೋಟೊ ತೆಗೆಸಿದರು, ಬಿದ್ದ ಜಾಗದ ಮೇಲಿದ್ದ ಒಣಮರವನ್ನು ತೋರಿಸಿ, "ನೀನು ಇಲ್ಲೇ ಇದ್ದು ಕೈಸನ್ನೆ ಮಾಡು," ಎಂದು ತಾವು ಇಳಿದರು. ಕಣಿವೆ ದಾಟಿದ ಮೇಲೆ ಎಲ್ಲ ಪೊದೆಯೂ ಒಂದೇ ಥರ ಕಾಣುತ್ತದೆ. ಈ ಎಚ್ಚರವಿಲ್ಲದೆ ಹೊಡೆದ ಪ್ರಾಣಿಯನ್ನು ಕತ್ತಲಾಗುವವರೆಗೆ ಹುಡುಕಿ ಸೋತವರಿದ್ದಾರೆ. ಮೊದಲ ಕೆಲಸ ಪ್ರಾಣಿಗೆ ಪರವಾನಗಿ ಚೀಟಿ ಕಟ್ಟುವುದು, ಎರಡನೆಯದು ಚರ್ಮ ಸುಲಿಯುವುದು. ಬೆಳಗ್ಗೆ ನೀರು ಹೆಪ್ಪುಗಟ್ಟಿದ್ದ ಜಾಗದಲ್ಲಿ ಆಗ ಅಂಗಿಯಲ್ಲೇ ಬೆವರುವಷ್ಟು ಬಿಸಿಲು. ದಟ್ಟ ಕೂದಲಿನ ಚರ್ಮದೊಳಗೆ ಉಳಿದ ಮೈಶಾಖವೇ ಮಾಂಸವನ್ನು ಕೆಡಿಸುತ್ತದೆ, ಮೂಳೆಯ ಸುತ್ತ ಮೊದಲು ಹುಳಿಯಾಗುತ್ತದೆ. ಹೊಟ್ಟೆ ಸೀಳದೆಯೇ ತೊಡೆ, ಮುಂಗಾಲು, ಬೆನ್ನಿನ ಪಟ್ಟಿಗಳನ್ನು ಬಿಡಿಸಿ, ಮೂಳೆ ತೆಗೆದು, ಗಾಳಿಯಾಡುವ ತೆಳು ಬಟ್ಟೆಯ ಚೀಲಗಳಲ್ಲಿ ಹಾಕಿ ನೆರಳಿನ ಕೊಂಬೆಗೆ ತೂಗುಹಾಕಿದರು. ಹಿಂಗಾಲಿನ ಗ್ರಂಥಿ ಮುಟ್ಟಿದ ಚಾಕುವನ್ನು ಮಾಂಸಕ್ಕೆ ತಾಗಿಸಲಿಲ್ಲ. ಪ್ಲಾಸ್ಟಿಕ್ ಚೀಲ ಮಾತ್ರ ಯಾವತ್ತೂ ಕೂಡದು. ಅವರು ಬಳಸುವುದು ಸೀಸವಿಲ್ಲದ ತಾಮ್ರದ ಗುಂಡು. ಅರಿಜೋನಾದ ಉತ್ತರದಲ್ಲಿ 1996ರಿಂದ ಮರಳಿ ಬಿಟ್ಟ ಕಾಂಡೋರ್ ರಣಹದ್ದುಗಳಲ್ಲಿ ಹಲವು ಬೇಟೆಗಾರರು ಬಿಟ್ಟುಹೋದ ಅವಶೇಷ ತಿಂದು ಸೀಸದ ವಿಷಕ್ಕೆ ಸತ್ತವು. 2005ರಿಂದ ಅಲ್ಲಿನ ವನ್ಯಜೀವಿ ಇಲಾಖೆ ಕೈಬಾಬ್ ಪ್ರದೇಶದ ಬೇಟೆಗಾರರಿಗೆ ಸೀಸರಹಿತ ತೋಟಾಗಳನ್ನು ಪುಕ್ಕಟೆ ಕೊಡತೊಡಗಿತು. ದಕ್ಷಿಣದಲ್ಲಿ ಕಾಂಡೋರ್ ಇಲ್ಲ. "ಕಾಗೆ, ಹದ್ದು ಇವೆಯಲ್ಲ," ಎಂದರು.

ಹದಿನೈದು ಕಿಲೋ ಆಸುಪಾಸಿನ ಮಾಂಸ, ಕೊಂಬು, ಕೋವಿ, ಟ್ರೈಪಾಡು ಹಂಚಿಕೊಂಡು ಹೊತ್ತು, ತಲೆದೀಪದ ಬೆಳಕಿನಲ್ಲಿ ಗಾಡಿ ಮುಟ್ಟುವಾಗ ಏಳೂವರೆ. ನೋಗಾಲೆಸ್‌ನಿಂದ ಟೂಸಾನ್‌ಗೆ ಹೋಗುವ ಹೆದ್ದಾರಿಯಲ್ಲಿ ದೂರದ ಫಲಕಗಳು ಕಿಲೋಮೀಟರಿನಲ್ಲಿವೆ, ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಅದೊಂದೇ ಹೀಗೆ. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ಪಕ್ಕ ಗಾಡಿ ನಿಲ್ಲಿಸಿದರು. ನಾನು ಕಾಫಿಗೆಂದುಕೊಂಡೆ. ಅವರು ಹಿಂದಿನ ಬಾಗಿಲು ತೆಗೆದು, ಐಸ್ ಪೆಟ್ಟಿಗೆಯ ಕೆಳಗಿನ ಬಿರಡೆ ಬಿಚ್ಚಿ ಕರಗಿದ ನೀರನ್ನೆಲ್ಲ ಹರಿಯಬಿಟ್ಟರು, ಚೀಲಗಳ ಮೇಲೆ ಕೈಯಾಡಿಸಿ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿದರು, ಹೊಸದಾಗಿ ಎರಡು ಚೀಲ ಐಸ್ ತಂದು ಸುತ್ತ ತುಂಬಿ ಮುಚ್ಚಳ ಒತ್ತಿದರು. ಆಮೇಲೆ ಕಾಫಿ ಕುಡಿದೆವು.